ಅವ್ವನ ಮೊಟ್ಟೆ, ಮಗಳ ಪೆಟ್ಟಿಗೆ

ಏಪ್ರಿಲ್‌ನಲ್ಲಿ ನಮ್ಮನೆ ಕಿಟಕೀಲಿ ರಾತ್ರಿಯೆಲ್ಲ ಬಲ್ಬು ಹತ್ತೋದು ಆರೋದು ಮಾಡ್ತಿತ್ತಲ್ಲ, ಅದೇನು ಅಂತ ಎಷ್ಟು ಜನ ಕೇಳಿದ್ರಿ ನೀವು! ಒಬ್ಬೊಬ್ಬರಿಗೂ ಹೇಳೋ ಬದ್ಲು ಇಲ್ಲೇ ಬರ್ದುಬಿಡ್ತೀನಿ. ಅದು ಕೋಳಿ. ಅಂದ್ರೆ, ಕಾವಿಗೆ ಕೂತ ಕೋಳಿ ಕೆಲ್ಸ ಮಾಡೋ ಥರ್ಮಾಕೋಲ್ ಪೆಟ್ಟಿಗೆ.

ಮಾಗಡಿ ಕಡೆ ನಮ್ಮವ್ವನ ಮನೇಲಿ ನಾಟಿಕೋಳಿ ಯಾವತ್ತೂ ತಪ್ಪಿದ್ದಲ್ಲ. ಅವ್ವ ಮದ್ವೆಯಾಗಿ ಬಂದಾಗ ಅವರತ್ತೆ ಕೊಟ್ಟ ಒಂದೇ ಒಂದು ಹ್ಯಾಟೆಯ ಸಂತಾನ ಅದು. ಕಪ್ಪು ಮೈ, ಕುತ್ತಿಗೇಲಿ ಬೆಲ್ಲದ ಬಣ್ಣ. ಈ ಸಲ ಯುಗಾದಿ ಕಳೆದ ಮೇಲೆ ಒಂದು ರಾತ್ರಿ ಬೀದಿನಾಯಿಗಳು ಗೂಡಿಗೆ ನುಗ್ಗಿ ಐದು ಹ್ಯಾಟೆ, ಒಂದು ಹುಂಜ ಎಲ್ಲಾನೂ ಮುಗ್ಸಿಬಿಟ್ವು. ಉಳಿದಿದ್ದು ರಾಗಿ ಮಡಕೇಲಿ ಕಾವಿಗೆ ಅಂತ ಹೂತಿಟ್ಟಿದ್ದ 14 ಮೊಟ್ಟೆ ಅಷ್ಟೇ.

ಪಕ್ಕದ ಮನೆ ಕೋಳಿ ಕೆಳಗೆ ಇಟ್ರೆ ಆಗ್ತಿತ್ತಲ್ಲ ಅಂತೀರ. ನಾನೂ ಹಂಗೇ ಅಂದೆ. ಆದ್ರೆ ಆ ಬೀದೀಲಿ ಈಗ ಎಲ್ಲರ ಮನೇಲೂ ಗಿರಿರಾಜ. ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೇ ಅಭಿವೃದ್ಧಿ ಮಾಡಿದ ತಳಿ. ಬೇಗ ತೂಕ ಬರುತ್ತೆ, ಮೊಟ್ಟೆನೂ ನಾಟಿಗಿಂತ ಎಷ್ಟೋ ಜಾಸ್ತಿ. ಕಾವಿಗೆ ಮಾತ್ರ ಕೂರಲ್ಲ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡೋದು ನಿಲ್ಲಿಸಿಬಿಡುತ್ತೆ, ಅದಕ್ಕೇ ಜಾಸ್ತಿ ಮೊಟ್ಟೆ ಇಡೋವನ್ನೇ ಆರಿಸಿ ಆರಿಸಿ ಸಾಕ್ತಾ ಹೋದ್ರೆ ಆ ಕೂರೋ ಬುದ್ಧಿನೇ ತಳಿಯಿಂದ ಹೊರಟೋಗುತ್ತೆ. ಆಮೇಲೆ ಮರಿ ಬೇಕಂದಾಗೆಲ್ಲ ದುಡ್ಡು ಕೊಟ್ಟು ಹ್ಯಾಚರಿಯಿಂದಲೇ ತರ್ಬೇಕು. ಬೀದಿಗೆಲ್ಲ ಮರಿ ಮಾಡಿಕೊಡ್ತಿದ್ದಿದ್ದು ಅವ್ವನ ಕೋಳಿಗಳೇ, ಅವೇ ಹೋದ್ವು.

ಕಾವಿನ ಮೊಟ್ಟೆ ಒಂದು ವಾರ ತಡೆಯುತ್ತೆ, ಆಮೇಲೆ ದಿನದಿನಕ್ಕೂ ಮರಿಯಾಗೋ ಆಸೆ ಕಮ್ಮಿ. ಅವ್ವ ಸ್ಟೀಲ್ ಡಬ್ಬಿಗೆ ರಾಗಿ ತುಂಬಿ, ಮೊಟ್ಟೆಗಳ ಚೂಪು ತುದಿ ಕೆಳಗೆ ಮಾಡಿ ನೆಟ್ಟು, ತೊಡೆ ಮೇಲಿಟ್ಕೊಂಡು ಮೆಜೆಸ್ಟಿಕ್‌ನಲ್ಲಿ ಬಂದಿಳಿದ್ರು. "ನಿನ್ನ ಮಗಳು ಏನೇನೋ ಮಿಷನ್ನು ಮಾಡ್ತಾಳಲ್ಲವ್ವ, ಇದ್ಕೂ ಒಂದ್ ಮಾಡ್ಲಿ" ಅಂದ್ರು. ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದ್ತಿದ್ದಾಳೆ. ನಮ್ಮ ಕಾಟನ್‌ಪೇಟೆಯಿಂದ ಎಸ್‌ಪಿ ರೋಡಿಗೆ ನಡ್ಕೊಂಡೇ ಹೋಗಿ ಸಂಜೆಯೊಳಗೆ ಸಾಮಾನು ತಂದ್ಲು. ಆರ್ಡುಯಿನೋ ಅನ್ನೋ ಅಂಗೈಗಿಂತ ಚಿಕ್ಕ ಬೋರ್ಡು, ಬಿಸಿ ಮತ್ತೆ ತೇವ ಎರಡನ್ನೂ ಅಳೆಯೋ ಬಿಳೀ ಸೆನ್ಸರು, ಬಲ್ಬಿನ ಸ್ವಿಚ್ಚು ತಾನೇ ಒತ್ತೋ ರಿಲೇ, ಹಳೇ ಕಂಪ್ಯೂಟರಿನ ಫ್ಯಾನು. ಎಲ್ಲ ಸೇರಿ 1,300 ರೂಪಾಯಿ ಒಳಗೆ.

ಪೆಟ್ಟಿಗೆ ನನ್ನ ಕೆಲ್ಸ. ಮೊಟ್ಟೆಯೊಳಗಿನ ಮರಿ ಚಿಪ್ಪಿನ ಸಣ್ಣಸಣ್ಣ ತೂತಿಂದ ಉಸಿರಾಡುತ್ತೆ, ಅದ್ಕೆ ಥರ್ಮಾಕೋಲಿಗೆ ಗಾಳಿ ಕಿಂಡಿ ಮಾಡ್ದೆ. 40 ವ್ಯಾಟಿನ ಎರಡು ಬಲ್ಬು, ಒಂದು ಸುಟ್ಟೋದ್ರೆ ಇನ್ನೊಂದಿರ್ಲಿ ಅಂತ. ಎಲ್‌ಇಡಿ ಅಲ್ಲ, ಹಳೇ ತಂತಿ ಬಲ್ಬು. ಎಲ್‌ಇಡಿ ಬೆಳಕು ಕೊಡುತ್ತೆ, ಕಾವು ಕೊಡಲ್ಲ. ಬಲ್ಬು ತಗುಲಿದ್ರೆ ಥರ್ಮಾಕೋಲ್ ಕರಗಿ ಉರಿಯುತ್ತೆ, ಅದ್ಕೆ ಸುತ್ತ ತಗಡಿನ ಡಬ್ಬಿ ಹಾಕಿದ್ದು. ಮನೆ ಕರೆಂಟಿನ ತಂತಿ ಜೋಡಿಸೋಕೆ ಮಾತ್ರ ವೈರಿಂಗ್‌ನೋರನ್ನೇ ಕರೆಸಿದ್ವಿ. ನೀವು ಮಾಡೋದಾದ್ರೂ ಹಂಗೇ ಮಾಡಿ.

ಬೇಕಾದ ಬಿಸಿ 37.5 ಡಿಗ್ರಿ, ನಮ್ಮ ಜ್ವರದ ಕಡ್ಡೀಲಿ 99.5. ಮಕ್ಕಳ ಹಣೆ ಮುಟ್ಟಿ "ಸ್ವಲ್ಪ ಬೆಚ್ಚಗಿದೆಯಲ್ಲಾ" ಅಂತೀವಲ್ಲ, ಅಷ್ಟು. 37.3ಕ್ಕೆ ಇಳಿದ್ರೆ ಬಲ್ಬು ಹತ್ತಬೇಕು, 37.6ಕ್ಕೆ ಆರ್ಬೇಕು ಅಂತ ಮಗಳು ಬರ್ದಿದ್ಲು. ಪಾದರಸದ ಕಡ್ಡಿ ತಾನು ಕಂಡ ಅತಿ ಹೆಚ್ಚು ಬಿಸೀನ ಹಿಡಿದಿಟ್ಕೊಳ್ಳುತ್ತಲ್ಲ, ಅದನ್ನ ಒಂದು ಗಂಟೆ ಒಳಗಿಟ್ಟು ನೋಡಿದ್ವಿ, 101 ತೋರಿಸ್ತು. ಬಲ್ಬು ಆರಿದ್ರೂ ಬಿಸಿ ಬಿಡ್ತಾನೇ ಇರುತ್ತೆ ಅಂತ ಗೊತ್ತಾಯ್ತು. ಅವಳು ಮುಂಚೆನೇ ಆರೋ ಹಂಗೆ ತಿದ್ದಿದ್ಲು. ತಣ್ಣಗಾದ್ರೆ ಮರಿ ನಿಧಾನ ಬೆಳೀಬಹುದು, ಬಿಸಿ ಮೀರಿದ್ರೆ ಒಳಗೇ ಸತ್ತೋಗುತ್ತೆ.

ಅವ್ವನಿಗೆ ಡಿಗ್ರಿ ಗಿಗ್ರಿ ಬೇಡ. ಒಂದು ಮೊಟ್ಟೆ ತೆಗೆದು ಮುಚ್ಚಿದ ಕಣ್ಣಿನ ರೆಪ್ಪೆ ಮೇಲಿಟ್ಟು "ಆಗ್ಬೋದು" ಅಂತಿದ್ರು. ಮಗಳು ನಕ್ಕಳು. ಆಮೇಲೆ ಎಲ್ಲೋ ಓದಿ ಬಂದು ಅವಳೇ ಹೇಳಿದ್ಲು, ಈಜಿಪ್ಟ್‌ನಲ್ಲಿ 2,000 ವರ್ಷಕ್ಕೂ ಹಿಂದಿನಿಂದ ಮಣ್ಣಿಟ್ಟಿಗೆಯ ಒಲೆಮನೆಗಳಲ್ಲಿ ಸಾವಿರಾರು ಮೊಟ್ಟೆ ಮರಿ ಮಾಡ್ತಿದ್ರಂತೆ, ಥರ್ಮಾಮೀಟರ್ ಇಲ್ದೆ, ಇದೇ ಥರ ರೆಪ್ಪೆಗಿಟ್ಟು ನೋಡಿ. ಅವ್ವ "ಅವ್ರಿಗೆ ಯಾರ್ ಹೇಳ್ಕೊಟ್ರೋ" ಅಂದ್ರು.

ಒಂದಿನ ಮೊಟ್ಟೆಗಳನ್ನ ಅಲುಗಾಡಿಸದೆ ಇಟ್ಟು, ಆಮೇಲೆ ಪೆಟ್ಟಿಗೆಗೆ ಸೇರಿಸಿದ್ವಿ. ತೇವಕ್ಕೆ ಒಂದು ಬಟ್ಟಲು ನೀರು. ತಿರುಗಿಸೋಕೂ ಮೋಟರ್ ಹಾಕ್ತೀನಿ ಅಂದ್ಲು ಮಗಳು, ಬೇಡ ಅಂದೆ. ಒಂದು ಮಗ್ಗುಲಿಗೆ ಗುಣಿಸೋ ಗುರುತು, ಇನ್ನೊಂದಕ್ಕೆ ಸೊನ್ನೆ, ಪೆನ್ಸಿಲಲ್ಲಿ. ದಿನಕ್ಕೆ ಐದು ಸಲ ತಿರುಗಿಸೋದು. ಬೆಸ ಸಂಖ್ಯೆ ಯಾಕಂದ್ರೆ ರಾತ್ರಿಯಿಡೀ ದಿನಾ ಅದೇ ಮಗ್ಗುಲಾಗ್ಬಾರ್ದು. ತಿರುಗಿಸದಿದ್ರೆ ಮರಿ ಚಿಪ್ಪಿಗೇ ಅಂಟ್ಕೊಳ್ಳುತ್ತೆ. ಪಕ್ಕದ ಮನೆ ಮಾಮಿ ಗೊತ್ತಲ್ಲ ನಿಮಗೆ, ಕೇಕಲ್ಲಿ ಮೊಟ್ಟೆ ಇದ್ರೂ ಮುಟ್ಟದೋರು, ಮಧ್ಯಾಹ್ನ ನಾನಿಲ್ದಾಗ ಅವರೇ ಬಂದು ತಿರುಗಿಸಿ ಕ್ಯಾಲೆಂಡರಲ್ಲಿ ಗುರುತು ಹಾಕೋರು.

ಏಳನೇ ದಿನ ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚ್ ಮೇಲೆ ಒಂದೊಂದೇ ಇಟ್ಟು ನೋಡಿದ್ವಿ. ಜೀವ ಇರೋದ್ರಲ್ಲಿ ಜೇಡರ ಕಾಲಿನ ಹಂಗೆ ಕೆಂಪು ನರ, ನಡುವೆ ಒಂದು ಚುಕ್ಕಿ. ಮೂರು ಬರೀ ನೀರು. ಒಂದರಲ್ಲಿ ರಕ್ತದ ಉಂಗುರ, ಅಂದ್ರೆ ಶುರುವಾಗಿ ಸತ್ತಿದ್ದು. ಉಳಿದವು 10.

ಹನ್ನೆರಡನೇ ರಾತ್ರಿ ಮಳೆಗಾಳಿಗೆ ಕರೆಂಟು ಹೋಯ್ತು, ಮೂರೂವರೆ ಗಂಟೆ. ಪವರ್ ಬ್ಯಾಂಕಿನಲ್ಲಿ ಆರ್ಡುಯಿನೋ ಬದುಕಿತ್ತು, 36, 35, 34 ಅಂತ ಇಳಿಯೋದನ್ನ ತೋರಿಸ್ತಾನೇ ಇತ್ತು. ಬಲ್ಬಿಗೆ ಕರೆಂಟಿಲ್ದೆ ಅದು ತಾನೇ ಏನ್ಮಾಡುತ್ತೆ? ಮಗಳು ಅಳೋಕೆ ಶುರುಮಾಡಿದ್ಲು. ಗಾಳಿ ಕಿಂಡಿ ಬಿಟ್ಟು ಪೆಟ್ಟಿಗೆಗೆಲ್ಲ ಕಂಬಳಿ ಹೊದಿಸಿ, ಬಿಸಿನೀರು ತುಂಬಿದ ಬಾಟ್ಲುಗಳನ್ನ ಟವಲಲ್ಲಿ ಸುತ್ತಿ ಒಳಗಿಟ್ಟು ಇಬ್ರೂ ಕಾದ್ವಿ. ಫೋನಲ್ಲಿ ಅವ್ವ "ಹ್ಯಾಟೆ ಮೇವಿಗೆ ಅಂತ ಎದ್ದೋಗಲ್ವಾ, ಸುಮ್ನಿರಿ" ಅಂದ್ರು. ಆದ್ರೆ ಫೋನು ಇಡದೆ ಅರ್ಧ ಗಂಟೆ ಹಂಗೇ ಲೈನಲ್ಲಿದ್ರು.

ಹದಿನೆಂಟಕ್ಕೆ ತಿರುಗಿಸೋದು ನಿಲ್ಲಿಸಿ, ಒದ್ದೆ ಬಟ್ಟೆ ಇಟ್ಟು ತೇವಾನ 50ರಿಂದ 65ರ ಮೇಲಕ್ಕೆ ಏರಿಸಿದ್ವಿ, ಒಳಪೊರೆ ಒಣಗಿ ಮರಿಗೆ ಸುತ್ಕೊಳ್ಳಬಾರ್ದು ಅಂತ. ಇಪ್ಪತ್ತರ ಸಂಜೆ ಮುಚ್ಚಿದ ಮೊಟ್ಟೆಯೊಳಗಿಂದ ಚೀಂವ್ ಅಂತು. ಮಾಮಿ ಕೈ ಮುಗಿದುಬಿಟ್ರು. ಮಾರನೇ ದಿನ ರಾತ್ರಿಯೊಳಗೆ ಏಳು ಮರಿ. ಎಂಟನೇದು ತೂತು ಮಾಡಿ ಅಲ್ಲೇ ನಿಂತಿತ್ತು, ನಾನು ಬಿಡಿಸೋಕೆ ಕೈ ಹಾಕೋಳು, ಅಷ್ಟೊತ್ತಿಗೆ ಬಂದಿದ್ದ ಅವ್ವ ಕೈ ಹಿಡ್ಕೊಂಡ್ರು. ಒಳಗಿನ ನರ ಇನ್ನೂ ಒಣಗಿರಲ್ಲ, ಚಿಪ್ಪು ಕಿತ್ರೆ ರಕ್ತ ಹೋಗುತ್ತೆ. ಬೆಳಗ್ಗೆ ನೋಡಿದ್ರೆ ಅದು ಹೋಗಿತ್ತು. ಇನ್ನೆರಡು ತೂತೂ ಮಾಡ್ಲಿಲ್ಲ.

ಹುಟ್ಟಿದ ಮರಿ ಹೊಟ್ಟೇಲಿ ಹಳದಿ ಭಂಡಾರ ಉಳಿದಿರುತ್ತೆ, ಎರಡು ದಿನ ಮೇವಿಲ್ದೆ ತಡೆಯುತ್ತೆ. ಆ ಧೈರ್ಯದ ಮೇಲೆ ಏಳನ್ನೂ ಹಳೇ ಸೀರೆ ಹಾಸಿದ ಬುಟ್ಟೀಲಿಟ್ಟು ಅವ್ವ ಬಸ್ ಹತ್ತಿದ್ರು. ಗೂಡಿಗೆ ಈಗ ಕಬ್ಬಿಣದ ಜಾಲರಿ ಹಾಕಿಸಿದ್ದಾರೆ.

ಹ್ಯಾಟೆ ಎಷ್ಟು, ಹುಂಜ ಎಷ್ಟು ಅನ್ನೋದು ಏಳೆಂಟು ವಾರ ಆಗೋವರ್ಗೂ ಹೇಳೋಕಾಗಲ್ಲ. ಹುಂಜ ಎಲ್ಲಾದ್ರೂ ಸಿಗುತ್ತೆ, ಹ್ಯಾಟೆ ಇಲ್ದಿದ್ರೆ ನಮ್ಮತ್ತೆ ಕೊಟ್ಟಿದ್ದು ಇಲ್ಲಿಗೆ ಮುಗೀತು ಅಂತಿದ್ರು ಅವ್ವ. ಮೊನ್ನೆ ಫೋನ್ ಮಾಡಿದ್ರು. ಮೂರಕ್ಕೆ ಜುಟ್ಟು ಕೆಂಪಾಗಿ ಎದ್ದೈತಂತೆ. ಮೂರಕ್ಕೆ ಇನ್ನೂ ಎದ್ದಿಲ್ಲ, ಅವು ಹ್ಯಾಟೆನೇ ಅಂತೆ. ಇನ್ನೊಂದು ಯಾವ್ದೂ ಹೇಳ್ತಿಲ್ಲ. ಕಾವಿಗೆ ಕೂರ್ತಾವಾ ಅಂತ ಕೇಳ್ದೆ. "ಮೊದ್ಲು ಮೊಟ್ಟೆ ಇಡ್ಲಿ ತಾಳು" ಅಂದ್ರು.

ಪೆಟ್ಟಿಗೆ ಅಟ್ಟದ ಮೇಲೈತೆ. ಬೇಕಾದೋರು ತಗೊಂಡೋಗಿ, ಬಲ್ಬು ಮಾತ್ರ ನಿಮ್ದು.