ರಾಜನ ಮಾತು, ಭಾಗವತನ ಮಾತು

ಹುನಗುಂದ, ಇಳಕಲ್ಲ ಕಡೆಯ ಜಾತ್ರೆಗಳಲ್ಲಿ ನಾಟಕಕ್ಕೆ ಬರುವವರೆಲ್ಲ ಕಣ್ಣಿಗಾಗಿ ಬರುವುದಿಲ್ಲ. ಬಣ್ಣದ ಪರದೆ, ಝಗಮಗಿಸುವ ಕಿರೀಟ ಬಿಟ್ಟು ಬರೀ ಕಿವಿಯಿಂದ ನಾಟಕ ಸವಿಯುವ ಹಳೇ ಹುಲಿಗಳು ಅಲ್ಲಿ ಈಗಲೂ ಇದ್ದಾರೆ. ಒಳಗಿಂದ ಎರಡು ಮಾತು ಕೇಳಿಸಿದರೆ ಸಾಕು, ಬರುತ್ತಿರುವವನು ಅರಸನೋ ಆಳೋ ಎಂದು ಹೇಳಿಬಿಡುತ್ತಾರೆ.

ಈ ಕಿವಿಗಳನ್ನು ಹದಗೊಳಿಸಿದವರಲ್ಲಿ ಕಂದಗಲ್ಲ ಹನುಮಂತರಾಯರದು ದೊಡ್ಡ ಹೆಸರು. ಹುನಗುಂದ ಸೀಮೆಯ ಕಂದಗಲ್ಲದಲ್ಲಿ 1896ರಲ್ಲಿ ಹುಟ್ಟಿದ ಅವರನ್ನು ಜನ ‘ಕರ್ನಾಟಕದ ಶೇಕ್ಸ್‌ಪಿಯರ್’ ಎಂದರು. ‘ರಕ್ತರಾತ್ರಿ’, ‘ಕುರುಕ್ಷೇತ್ರ’, ‘ಅಕ್ಷಯಾಂಬರ’ಗಳ ಸಂಭಾಷಣೆ ಗದ್ಯವೇ, ಆದರೆ ಪ್ರಾಸ ಬಿಗಿದ, ಏರಿ ಇಳಿಯುವ ಗದ್ಯ. ಶಕುನಿಯ ಪಾತ್ರಧಾರಿ ಉದ್ದನೆಯ ಮಾತನ್ನು ಉಸಿರು ಕಟ್ಟಿ ಮುಗಿಸಿದರೆ ಸಿಳ್ಳೆ, ಚಪ್ಪಾಳೆ. ಕಂಪನಿ ನಾಟಕದ ಹಾಸ್ಯಪಾತ್ರ ಬಂದಿತೋ, ಪ್ರಾಸ ಸಡಿಲಾಗಿ ಸಂತೆಯ ಭಾಷೆ ಶುರು.

ಶ್ರೀಕೃಷ್ಣ ಪಾರಿಜಾತದಲ್ಲಿ ಈ ಆಟ ಇನ್ನೂ ಸೊಗಸು. ಕುಲಗೋಡ ತಮ್ಮಣ್ಣನಿಂದ ಹೆಸರಾದ, ಲೋಕಾಪುರದಂಥ ಊರುಗಳಲ್ಲಿ ಬೆಳೆದ ಈ ಸಣ್ಣಾಟದಲ್ಲಿ ಸತ್ಯಭಾಮೆ ತನ್ನ ಮುನಿಸನ್ನು ಹಾಡಿನಲ್ಲಿ ಹರಿಸುತ್ತಾಳೆ. ದೂತಿಯಾಗಿ ಎದುರು ನಿಂತ ಭಾಗವತ ಹಳ್ಳಿಯ ಮಾತಿನಲ್ಲೇ ಅವಳನ್ನು ಕೆಣಕುತ್ತಾನೆ. ಹಾಡು ನಿಂತು ಮಾತಿಗೆ ಮಾತು ಬೆಳೆದಾಗ, ದ್ವಾರಕೆಯ ರಾಣಿ ನಮ್ಮೂರ ಹೆಂಗಸಾಗಿಬಿಡುತ್ತಾಳೆ.

ಲಂಡನ್ನಿನ ಶೇಕ್ಸ್‌ಪಿಯರ್ ಕೈಯಲ್ಲಿದ್ದದ್ದೂ ಇದೇ ಹತಾರ. ಅರಸರಿಗೆ, ಪ್ರೇಮಿಗಳಿಗೆ ಪ್ರಾಸವಿಲ್ಲದ ಹತ್ತು ಅಕ್ಷರದ ಪದ್ಯ. ಗೋರಿ ತೋಡುವವರಿಗೆ, ಕುಡಿದ ಬಾಗಿಲುಕಾಯುವವನಿಗೆ ಗದ್ಯ. ಕುಲ ನೋಡಿ ಹಂಚಿದ ಹಾಗೆ ಕಾಣುತ್ತದೆ. ಆದರೆ ‘ಎರಡನೇ ರಿಚರ್ಡ್’ನಲ್ಲಿ ತೋಟದ ಮಾಲಿಯೂ ಪದ್ಯದಲ್ಲೇ ರಾಜ್ಯಭಾರದ ವಿಮರ್ಶೆ ಮಾಡುತ್ತಾನೆ. ‘ಟೆಂಪೆಸ್ಟ್’ನ ದಾಸ ಕ್ಯಾಲಿಬನ್‌ಗೆ ಸೊಗಸಾದ ಪದ್ಯ, ಅವನು ಒಡೆಯನೆಂದು ಅಡ್ಡಬೀಳುವ ಕುಡುಕ ಸ್ಟೆಫಾನೋಗೆ ಗದ್ಯ!

ನಿಜವಾದ ರುಚಿ ಇರುವುದು ಪಾತ್ರ ಒಂದರಿಂದ ಇನ್ನೊಂದಕ್ಕೆ ಜಾರುವ ಕ್ಷಣದಲ್ಲಿ. ಮ್ಯಾಕ್‌ಬೆತ್‌ನ ಹೆಂಡತಿ ಗಂಡನನ್ನು ಕೊಲೆಗೆ ಹುರಿದುಂಬಿಸುವುದು ಪದ್ಯದಲ್ಲಿ; ನಿದ್ದೆಗಣ್ಣಲ್ಲಿ ಇಲ್ಲದ ರಕ್ತ ತೊಳೆಯುವಾಗ ಅವಳ ಬಾಯಲ್ಲಿ ಬರುವುದು ಚೂರುಚೂರಾದ ಗದ್ಯ. ಒಥೆಲೊ ಸಂಶಯದ ವಿಷವೇರಿ ಮೂರ್ಛೆ ಬೀಳುವ ಮುನ್ನ ಗದ್ಯದಲ್ಲಿ ತೊದಲುತ್ತಾನೆ. ಸೀಜರನ ಕೊಲೆಯಾದ ಮೇಲೆ ಬ್ರೂಟಸ್ ಜನರೆದುರು ಅಳೆದು ತೂಗಿದ ಗದ್ಯದಲ್ಲಿ ಕಾರಣ ಕೊಟ್ಟು ಚಪ್ಪಾಳೆ ಗಿಟ್ಟಿಸಿದರೆ, ಹಿಂದೆಯೇ ಬಂದ ಆಂಟನಿ ಪದ್ಯದಲ್ಲಿ ಅತ್ತು ಅದೇ ಜನರನ್ನು ಅವನ ಮೇಲೆ ಎಬ್ಬಿಸುತ್ತಾನೆ.

ಕಂದಗಲ್ಲರ ನಾಟಕಗಳನ್ನು ಹಳ್ಳಿಯ ತಂಡಗಳು ಇನ್ನೂ ಆಡುತ್ತಿವೆ. ಮುಂದಿನ ಸಲ ‘ರಕ್ತರಾತ್ರಿ’ಯ ಬೋರ್ಡು ಕಂಡರೆ ಒಳಗೆ ಹೋಗಿ ಕೂಡ್ರಿ, ಪ್ರಾಸ ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಡಿಲುತ್ತದೆ, ಅದರ ಮೇಲೊಂದು ಕಿವಿ ಇಡಿರಿ.