ನೆಲದಾಗ ಹುಗಿದ ಪೈಪಿನ ಲೆಕ್ಕ



ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಮಾಡೋರ ಆಸ್ತಿ ಮ್ಯಾಲೆ ಕಾಣೋದಕ್ಕಿಂತ ನೆಲದಾಗ ಹುಗಿದಿದ್ದೇ ಹೆಚ್ಚು. ಬೋರಿನಿಂದ ಹೊಂಡಕ್ಕ, ಹೊಂಡದಿಂದ ಪಡಕ್ಕ, ನಡುವ ಇನ್ನೊಬ್ಬರ ಹೊಲ ದಾಟಿ ಪೈಪ್‌ಲೈನ್. ಎಲ್ಲಿ ಹಾದೈತಿ ಅನ್ನೋದು ಹಿರಿಯರಿಗೆ ಮಾತ್ರ ಗೊತ್ತು. ಅವರ ನಂತರ ಜೆಸಿಬಿ ಹಲ್ಲಿಗೆ ಸಿಕ್ಕಾಗಲೇ ನಮಗ ಗೊತ್ತಾಗೋದು. ಬತ್ತಿದ ಬೋರಿನ ಲೆಕ್ಕನೂ ಹಂಗ.

ಅದಕ್ಕ ಬಾಂದಿಗೆ ಬಾಂದು ಹತ್ತಿದ ನಾವು ಒಂಬತ್ತು ಮನಿಯವರು ಕೂಡಿ ನಕ್ಷೆ ಮಾಡೀವಿ. ಸಾಫ್ಟ್‌ವೇರ್ ಕ್ಯೂಜಿಐಎಸ್, ಪೂರಾ ಉಚಿತ. ಫೈಲ್ ಮಾಡಿ ವಾಟ್ಸಾಪಿನ್ಯಾಗ ಕಳಿಸಿದ್ರ ಒಬ್ಬೊಬ್ಬರ ಹತ್ರ ಒಂದೊಂದು ನಕ್ಷೆ ಉಳೀತೈತಿ, ಖರೇದು ಯಾವುದು ತಿಳಿಯಂಗಿಲ್ಲ. ಅದಕ್ಕ ಮಾಹಿತಿ ಎಲ್ಲಾ ಒಂದೇ ಕಡೆ, ಪೋಸ್ಟ್‌ಜಿಐಎಸ್ ಡೇಟಾಬೇಸ್‌ನಾಗ ಇಟ್ಟೀವಿ. ಅದೂ ಉಚಿತ, 2001ರಿಂದ ಐತಿ.

ಜೋಡಿಸೋದು ಕಠಿಣ ಇಲ್ರಿ. ಕ್ಯೂಜಿಐಎಸ್‌ನಾಗ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಂತ ಇರತೈತಿ. ಹೊಸ ಕನೆಕ್ಷನ್ ತಗದು ಕಂಪ್ಯೂಟರಿನ ವಿಳಾಸ, ಪೋರ್ಟ್ 5432, ಡೇಟಾಬೇಸ್ ಹೆಸರು, ಬಳಕೆದಾರ, ಪಾಸ್‌ವರ್ಡ್ ಕೊಟ್ರ ಬೋರು, ಪೈಪು, ಹೊಂಡ ಮೂರೂ ಪದರ ತೆರೀತಾವ. ಪ್ರತಿ ಸಾಲಿಗೂ ಬ್ಯಾರೆ ನಂಬರ್, ಅಂದ್ರ ಪ್ರೈಮರಿ ಕೀ, ಇರಲೇಬೇಕು. ಇಲ್ಲಂದ್ರ ತಿದ್ದಾಕ ಬರಂಗಿಲ್ಲ. ನಮ್ಮ ಜಿಲ್ಲೆ ಯುಟಿಎಂ 43ನೇ ವಲಯದಾಗ ಬರತೈತಿ. ಅದಕ್ಕ ಇಪಿಎಸ್‌ಜಿ 32643 ಇಟ್ರ ಅಂತರ ಮೀಟರಿನ್ಯಾಗ ಸಿಗತೈತಿ.

ಉಪಯೋಗ ಏನು? ಈ ಬ್ಯಾಸಗಿಗೆ ಮಗ್ಗಲ ಹೊಲದ ಕಾಕಾ ಸಾಲ ತಗದು ಹೊಸ ಬೋರು ಹಾಕಸಾಕ ನಿಂತಿದ್ರು. ಅವರು ತೋರಿಸಿದ ಜಾಗದ ಸುತ್ತ 250 ಮೀಟರಿನ್ಯಾಗ ಎಷ್ಟು ಬೋರು ಅದಾವ ಅಂತ ಡೇಟಾಬೇಸಿಗೆ ಕೇಳಿದೆ. ಏಳು ಬಂದ್ವು. ಐದು ಬತ್ತಿದ್ವು.

“ನಿನ್ನ ನಕ್ಷೆ ನೀರು ತೋರಸತೈತೇನೋ ತಮ್ಮಾ?” ಅಂದ್ರು.

“ಇಲ್ರಿ ಕಾಕಾ. ರೊಕ್ಕ ಮುಳುಗಿದ ಜಾಗ ತೋರಸತೈತಿ.”

ನಮ್ಮದು ಬಸಾಲ್ಟ್ ಕಲ್ಲಿನ ನೆಲ. ನೀರು ಬಿರುಕಿನ್ಯಾಗ ಇರತೈತಿ. ಹತ್ತು ಮಾರು ಸರಿದ್ರ ಸಿಗಬಹುದು, ಸಿಗದಿರಬಹುದು. ಆದ್ರ ಐದು ಮನಿಯವರ ಅನುಭವ ಕಣ್ಣಮುಂದ ಇಟ್ಕೊಂಡು ನಿರ್ಧಾರ ಮಾಡೋದು ಬ್ಯಾರೆ. ಕಾಕಾ ಸದ್ಯ ಬೋರು ಬಿಟ್ಟು, ನಮ್ಮ ಹೊಂಡದ ನೀರು ಪಾಳಿ ಮ್ಯಾಲೆ ತಗೋತಾರ. ಅದರ ಪೈಪೂ ನಕ್ಷೆಗೆ ಏರೈತಿ.

ಒಂದು ಮಾತು ನೆನಪಿಡ್ರಿ. ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಆಕಡೆ ಈಕಡೆ ತೋರಸತೈತಿ. ಹತ್ತು ಫೂಟಿನ ದಾರಿ ತಕರಾರಿಗೆ ಈ ನಕ್ಷೆ ತರಬ್ಯಾಡ್ರಿ. ದಿಶಾಂಕ್ ಆ್ಯಪಿನ್ಯಾಗ ಸರ್ವೇ ನಂಬರ್ ನೋಡಬಹುದು, ಆದ್ರ ಹದ್ದು ನಿಕ್ಕಿ ಆಗಬೇಕಂದ್ರ ಸರ್ವೇ ಇಲಾಖೆಯ ಅಳತಿನೇ ಬೇಕು.

ನಮ್ಮಲ್ಲಿ ತಿದ್ದೋ ಪಾಸ್‌ವರ್ಡ್ ಇಬ್ಬರಿಗೆ, ನೋಡೋದು ಎಲ್ಲಾರಿಗೂ. ಯಾರ ಹೊಲದಾಗ ಪೈಪು ಹಾದೈತಿ, ಅವರು ಬಂದು ನೋಡಿ ಹೂಂ ಅಂದ ಮ್ಯಾಲೆನೇ ಗೆರಿ ಉಳಿಸೋದು. ವಾರಕ್ಕೊಮ್ಮೆ ಬ್ಯಾಕಪ್ ಪೆನ್‌ಡ್ರೈವಿಗೆ.

ನೀವೂ ಮಾಡೋದಿದ್ರ ಕಂಪ್ಯೂಟರಿನಿಂದ ಶುರು ಮಾಡಬ್ಯಾಡ್ರಿ. ಮೊದಲ ಮನಿ ಹಿರಿಯರನ್ನ ಕರಕೊಂಡು ಹೊಲ ಒಂದು ಸುತ್ತು ಹಾಕ್ರಿ.