ಚಾಸಿಯ ಒಳಗಿನ ತುಕ್ಕು

ನಮ್ಮ ತೀರ್ಥರೂಪರು 1979ರಲ್ಲಿ ಕೊಂಡ ಮಹೀಂದ್ರ ಜೀಪು ಇಂದಿಗೂ ನಮ್ಮ ಮನೆಯಂಗಳದಲ್ಲಿದೆ. ಹೊಸನಗರ ತಾಲ್ಲೂಕಿನ ನಿಟ್ಟೂರಿನ ಬಳಿಯ ನಮ್ಮ ತೋಟಕ್ಕೆ ಆಗ ಸರಿಯಾದ ರಸ್ತೆಯಿರಲಿಲ್ಲ. ಅಡಕೆಯ ಮೂಟೆಯಾಗಲಿ, ನೆರೆಮನೆಯ ಗರ್ಭಿಣಿಯಾಗಲಿ, ಹಳ್ಳ ದಾಟಬೇಕಾದರೆ ಆ ಜೀಪೇ ಗತಿಯಾಗಿತ್ತು.

ತಂದೆಯವರು ಲಿಂಗೈಕ್ಯರಾದ ಬಳಿಕ ಅದರ ಪಾಲನೆ ನನ್ನ ಪಾಲಿಗೆ ಬಂದಿತು. ವರ್ಷಕ್ಕೊಮ್ಮೆ ಮೈಗೆ ಬಣ್ಣ, ಅಡಿಭಾಗಕ್ಕೆ ಡಾಂಬರಿನ ದಪ್ಪ ಲೇಪ. ಇಷ್ಟಕ್ಕೆ ನನ್ನ ಕರ್ತವ್ಯ ಮುಗಿಯಿತೆಂದು ನಂಬಿದ್ದೆ. 2011ರ ಶ್ರಾವಣದಲ್ಲಿ ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಗ, ಇಳಿಜಾರಿನಲ್ಲಿ ಹಿಂಬದಿಯ ಸ್ಪ್ರಿಂಗು ಪಟ್ಟಿಯನ್ನು ಹಿಡಿದಿದ್ದ ಕೊಂಡಿಯು ಚಾಸಿಯ ತುಂಡಿನೊಡನೆ ಕಿತ್ತುಬಂದಿತು. ಗಾಡಿ ದರೆಗೆ ಒರಗಿ ನಿಂತುದರಿಂದ ಇಬ್ಬರ ಪ್ರಾಣವೂ ಉಳಿಯಿತು. ಮುರಿದ ಕಬ್ಬಿಣವನ್ನು ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಪುಡಿಯಾಯಿತು. ಹೊರಗಿನ ಡಾಂಬರು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು!

ತಾಯಿಯವರು ಕೋಪಿಸಿಕೊಳ್ಳಲಿಲ್ಲ. "ತಮ್ಮಾ, ನಿಮ್ಮ ಅಪ್ಪಾಜಿ ಮಳೆಗಾಲ ಕಳೆದ ಮೇಲೆ ಸುತ್ತಿಗೆ ಹಿಡಿದು ಜೀಪಿನ ಅಡಿ ಮಲಗೋರು. ನೀನು ಬಣ್ಣದ ಡಬ್ಬಿ ತರ್ತೀಯ" ಎಂದರಷ್ಟೆ. ಅವರ ಆ ಅಭ್ಯಾಸವನ್ನು ಮುದುಕರ ಗೀಳೆಂದು ನಕ್ಕವನು ನಾನು.

ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕ ಸೇರಿದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ಉಪ್ಪು ಅದಕ್ಕೆ ವೇಗ ಕೊಡುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಸ್ಥಳ ಬೇಕಾದುದರಿಂದ ಅದು ಮೇಲಿನ ಲೇಪವನ್ನು ಎತ್ತಿ ಬಿರಿಸುತ್ತದೆ. ಬಿರುಕಿನಲ್ಲಿ ಇಳಿದ ನೀರು ಮತ್ತೆ ಆರುವುದಿಲ್ಲ. ತುಕ್ಕಿನ ಮೇಲೆಯೇ ನಾನು ಬಳಿದ ಡಾಂಬರು ರಕ್ಷೆಯಾಗದೆ ಅದನ್ನು ಮರೆಮಾಚುವ ತೆರೆಯಾಯಿತು. ಚಾಸಿಯಲ್ಲಿ ಪೆಟ್ಟಿಗೆಯಂತೆ ಮುಚ್ಚಿದ ಎಡೆಗಳಲ್ಲಿ ಕೆಸರು ತುಂಬಿ, ನೀರು ಬಸಿಯುವ ರಂಧ್ರಗಳು ಕಟ್ಟಿಹೋಗಿದ್ದವು.

ಮುಂದಿನ ಬೇಸಗೆಯಲ್ಲಿ ಕೆಲಸ ಹಿಡಿದೆವು. ಡಾಂಬರನ್ನೆಲ್ಲ ಕೆರೆದು, ರಭಸದ ನೀರಿನಿಂದ ಕೆಸರು ತೊಳೆದು, ಹಲವು ದಿನ ಬಿಸಿಲಿನಲ್ಲಿ ಒಣಗಿಸಿದೆವು. ಕೊಳೆತ ಭಾಗವನ್ನು ಕತ್ತರಿಸಿ, ಹೊಸ ತಗಡು ಬೆಸೆಯಿಸಿದೆವು. ಉಳಿದೆಡೆ ತಂತಿಯ ಬ್ರಷ್ಷಿನಿಂದ ಉಜ್ಜಿ, ರಂಜಕಾಮ್ಲದ ದ್ರಾವಣ ಹಚ್ಚಿ, ಸತುವಿನ ಪ್ರೈಮರು, ಅದರ ಮೇಲೆ ಕಪ್ಪು ಬಣ್ಣ ಬಳಿದೆವು. ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಕೈ ತಲುಪದ ಒಳಭಾಗಗಳಿಗೆ ಉದ್ದನೆಯ ನಳಿಕೆಯಿಂದ ಮೇಣ ಬೆರೆತ ಎಣ್ಣೆ ಸಿಂಪಡಿಸಿದೆವು; ಬ್ರೇಕು ಮತ್ತು ರಬ್ಬರಿನ ಭಾಗಗಳಿಗೆ ಅದು ತಗುಲದಂತೆ ಎಚ್ಚರವಹಿಸಿದೆವು.

ಜೀಪುಗಳು ಏರುವ ನಮ್ಮ ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಬಳಿ, ಪುರಾತನವಾದ ಕಬ್ಬಿಣದ ಕಂಬವೊಂದು ಬಯಲಿನಲ್ಲಿ ಮಳೆಗಾಳಿಗೆ ಮೈಯೊಡ್ಡಿ ನಿಂತಿದೆ. ದೆಹಲಿಯ ಪ್ರಸಿದ್ಧ ಕಂಬಕ್ಕೆ ಅದರ ಕಬ್ಬಿಣದಲ್ಲಿರುವ ರಂಜಕದ ಅಂಶವೇ ತೆಳುವಾದ ರಕ್ಷಾಕವಚವನ್ನು ಒದಗಿಸಿದೆಯೆಂದು ಲೋಹಶಾಸ್ತ್ರಜ್ಞರು ವಿವರಿಸಿದ್ದಾರೆ. ನಮ್ಮ ಜೀಪಿನ ಉಕ್ಕಿಗೆ ಆ ಭಾಗ್ಯವಿಲ್ಲ. ಅದಕ್ಕೆ ಮನುಷ್ಯನ ನಿತ್ಯದ ಎಚ್ಚರವೇ ಕವಚ.

ಈಗ ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಎಣ್ಣೆ. ಮಳೆಗಾಲ ಕಳೆದೊಡನೆ ತೊಳೆತ. ಕುಂದಾಪುರದ ಕಡಲತೀರಕ್ಕೆ ಹೋಗಿಬಂದ ದಿನವಂತೂ ಸಿಹಿನೀರಿನಿಂದ ಅಡಿಯನ್ನು ತೊಳೆಯದೆ ಮಲಗುವುದಿಲ್ಲ. ಬಳಿಕ ತಂದೆಯವರ ಹಳೆಯ ಸುತ್ತಿಗೆ ಹಿಡಿದು ಅಡಿಗೆ ನುಸುಳುತ್ತೇನೆ. ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ. ಕೊಳೆತದ್ದು ಮಂಕಾಗಿ ಉತ್ತರಿಸುತ್ತದೆ. ಅಂಗಳದ ಜಗುಲಿಯಲ್ಲಿ ಕುಳಿತ ತಾಯಿಯವರು ಆ ಸದ್ದನ್ನು ಕೇಳುತ್ತಾ ಸುಮ್ಮನಿರುತ್ತಾರೆ.